ಭೀಮೆಗಿಳಿದ ಲಾರಿ ಎಂಜಿನ್

ಎಸ್.ಟಿ. ಬಸ್ಸು ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಪೂರಾ ನಿಲ್ಲುವ ಮೊದಲೇ ಅಮೋಗಸಿದ್ಧ ಕೆಳಗೆ ಹಾರಿದ. ಹೆಗಲ ಮೇಲೆ ಮಾರಾಟವಾಗದೆ ಉಳಿದ ನಾಲ್ಕು ಕಂಬಳಿಗಳಿದ್ದವು. ಕುರಿಗಳ ಉಣ್ಣೆ ಕತ್ತರಿಸಿ ನೇಯ್ದ ಕಂಬಳಿಗಳನ್ನು ಹೊತ್ತು ಎರಡು ದಿನದ ಹಿಂದೆ ಆತ ಸೋಲಾಪುರದ ನವಿ ಪೇಠಕ್ಕೆ ಹೋಗಿದ್ದ. ಈ ದಿನ ಬೆಳಿಗ್ಗೆ ಅಂಗಡಿಯ ಮುಂದೆ ವಳಸಂಗದ ಪರಿಚಯದವನೊಬ್ಬ ಸಿಕ್ಕು, "ನಿಮ್ಮ ಕಡೆ ಹೊಳಿ ಬಂದದಂತ. ನಿಮ್ಮವರು ಗಡ್ಡಿ ಮ್ಯಾಲ ಸಿಕ್ಕೊಂಡಾರಂತ" ಎಂದಿದ್ದ. ಅಷ್ಟು ಕೇಳಿದವನೇ ಮೊದಲು ಸಿಕ್ಕ ಬಸ್ಸು ಹತ್ತಿದ್ದ.

ಸ್ಟ್ಯಾಂಡಿನ ಹಿಂದೆ ಸಾಯಬಣ್ಣ ಮಿಸ್ತ್ರಿಯ ತಗಡಿನ ಶೆಡ್ಡು. ಒಳಗೆ ಒಂದು ಲಾರಿ, ಅದರ ಕೆಳಗಿನಿಂದ ಹೊರಚಾಚಿದ ಎರಡು ಕಾಲು.

"ಮಿಸ್ತ್ರಿಯವರ, ನಿಮ್ಮ ದಪ್ಪ ಹಗ್ಗ ಬೇಕಾಗಿತ್ರಿ."

"ಏನು ಕಟ್ಟಾಕ?" ಎಂದು ಕೆಳಗಿನಿಂದ ದನಿ ಬಂತು.

"ನನ್ನ ನಡಕ್ಕ. ಈಸಿ ಹೋಗ್ತೀನಿ."

ಸಾಯಬಣ್ಣ ತೆವಳಿಕೊಂಡು ಹೊರಗೆ ಬಂದ. ಐವತ್ತು ದಾಟಿದ ಗಟ್ಟಿ ಆಳು. "ಗಡ್ಡಿ ಮ್ಯಾಲ ಯಾರ್ಯಾರು ಅದಾರ?"

"ಅಪ್ಪ ಅದಾನ. ಹೇಣ್ತಿ ಸಕ್ಕುಬಾಯಿ ಅದಾಳ. ನಾಕು ತಿಂಗಳ ಕೂಸು. ತೊಂಬತ್ತು ಕುರಿ."

ಮಳೆಗಾಲದಲ್ಲಿ ಆ ಸೀಮೆಯ ಕರಿಮಣ್ಣು ಅಂಟಿನಂತಾಗುತ್ತದೆ. ಕೆಸರಿನಲ್ಲಿ ನಿಂತ ಕುರಿಯ ಗೊರಸು ಕೊಳೆಯುತ್ತದೆ. ಆದ್ದರಿಂದ ಕಲ್ಲಘಟ್ಟದ ಕುರಿಗಾರರು ಭೀಮಾ ನದಿಯ ನಡುವಿನ ಕಲ್ಲುನೆಲದ ಗಡ್ಡೆಗೆ ಹಟ್ಟಿ ಸಾಗಿಸುತ್ತಿದ್ದರು. ಹೊಳೆ ಏರುವ ಸೂಚನೆ ಕಂಡರೆ ಒಂದು ದಿನ ಮೊದಲೇ ಈಚೆಗೆ ಬರುತ್ತಿದ್ದರು. ಈ ಸಲ ಹೊಳೆ ಸೂಚನೆ ಕೊಡದೆ ಬಂದಿತ್ತು.

"ಹಗ್ಗದ್ದು ಕೆಲಸ ಅಲ್ಲ ಅದು," ಎಂದ ಸಾಯಬಣ್ಣ. "ಅಂಬಿಗ ಗೊಲ್ಲಾಳಪ್ಪನ ಹತ್ತರ ಆ ಲಾಂಚು ಇನ್ನೂ ಅದ ಏನು?"

"ಅದ್ರಿ. ಅದರಾಗ ಜ್ವಾಳದ ಕಣಕಿ ತುಂಬ್ಯಾನ."

ನದಿಯ ಸರ್ವೆಗೆಂದು ಯಾವನೋ ಗುತ್ತಿಗೆದಾರ ತರಿಸಿ, ಕೆಲಸ ನಿಂತ ಮೇಲೆ ಬಿಟ್ಟುಹೋದ ಸಾಗುವಾನಿಯ ದೋಣಿ ಅದು. ಹದಿನಾರು ಮೊಳ ಉದ್ದ. ದೋಣಿ ಗಟ್ಟಿಯಾಗಿತ್ತು, ಎಂಜಿನ್ ಮಾತ್ರ ಒಡೆದುಹೋಗಿತ್ತು. ಅದನ್ನು ಬಿಚ್ಚಿ ನೋಡಿ, ಇದಕ್ಕೆ ಜೀವ ಬರುವುದಿಲ್ಲವೆಂದು ಹೇಳಿದವನು ಸಾಯಬಣ್ಣನೇ.

ಆತ ತಿರುಗಿ ತನ್ನ ಲಾರಿಯನ್ನು ನೋಡಿದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಗಾಡಿ ಅದು. ಒಳಗೆ ವಿ-ಏಟ್ ಎಂಜಿನ್. ಎಂಟು ಸಿಲಿಂಡರು, ನಾಲ್ಕು ಈ ಕಡೆ, ನಾಲ್ಕು ಆ ಕಡೆ, ಅಗಲಿಸಿದ ಎರಡು ಬೆರಳಿನ ಹಾಗೆ. ತುಂಬಿದ ಶೇಂಗಾ ಚೀಲ ಹೇರಿಕೊಂಡು ಎಂಥ ಏರನ್ನೂ ಉಸಿರು ಬಿಡದೆ ಹತ್ತುತ್ತಿತ್ತು.

ಆದರೆ ಆ ಮಳೆಗಾಲದಲ್ಲಿ ಸಾಯಬಣ್ಣ ಲಾರಿಯನ್ನು ಶೆಡ್ಡಿನಿಂದ ಹೊರಗೆ ತೆಗೆದಿರಲಿಲ್ಲ. ಅದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು, ಯಾರೂ ಆಡಿ ತೋರಿಸುತ್ತಿರಲಿಲ್ಲ. ಆತನ ಹೆಂಡತಿ ಕಲ್ಯಾಣಮ್ಮ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ, ಕಳೆದ ಮಾರ್ಗಶಿರದಲ್ಲಿ ಶಿವನ ಪಾದ ಸೇರಿದ್ದಳು. ದಿನಾ ಸ್ನಾನ ಮಾಡಿ ಬಂದು ಲಾರಿಯ ಬಾನೆಟ್ಟಿಗೆ ಮೂರು ಬೆರಳಿನಿಂದ ವಿಭೂತಿ ಎಳೆಯುವುದು ಅವಳ ನೇಮ. ಕೊನೆಯ ದಿನ ಎಳೆದ ಮೂರು ಗೆರೆಗಳು ಇನ್ನೂ ಹಾಗೆಯೇ ಇದ್ದವು. ಮಳೆ ಬಿದ್ದರೆ ತೊಳೆದುಹೋಗುತ್ತವೆ.

ಹೊರಗೆ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಸಾಯಬಣ್ಣ ಕೈಯ ಎಣ್ಣೆ ಒರೆಸಿಕೊಂಡ. ಮನುಷ್ಯನಿಗೆ ದೇವರು ಕೊಟ್ಟಿದ್ದನ್ನು ದೇವರೇ ಕೇಳುವಾಗ ಹೀಗೆಯೇ ಯಾರದೋ ಬಾಯಿಂದ ಕೇಳುತ್ತಾನೆ.

"ಗಾಡಿ ಹತ್ತು," ಎಂದ. "ಬೋಲ್ಟ ಬಿಚ್ಚೋ ಪಾನಾ ಪೆಟಗಿ ಹಿಂದ ಇಡು. ಪೆಟ್ರೋಲಿನ ಡಬ್ಬಿ ಎರಡೂ ತಗೋ."

ದಕ್ಷಿಣಕ್ಕೆ ಹೋಗುವ ದಾರಿ ಕೆಸರಾಗಿತ್ತು. ಎರಡೂ ಕಡೆ ತೊಗರಿ ಮೊಣಕಾಲೆತ್ತರ ಬೆಳೆದು ಗಾಳಿಗೆ ಬಾಗಿತ್ತು. ನೆಲ, ಮುಗಿಲು, ದೂರದ ಜಾಲಿಗಿಡಗಳು ಎಲ್ಲವೂ ಒಂದೇ ಬೂದಿಬಣ್ಣ. ನಡುಹಗಲಿಗೆ ಕಲ್ಲಘಟ್ಟದ ದಿಬ್ಬ ಹತ್ತಿದಾಗ ಭೀಮೆ ಕಂಡಳು. ಬೇಸಿಗೆಯಲ್ಲಿ ಹುಡುಗರು ದಾಟುವ ಹೊಳೆ ಈಗ ಅರ್ಧ ಮೈಲಿ ಅಗಲವಾಗಿ, ಬೆಲ್ಲದ ಪಾಕದಂತೆ ಕೆಂಪಾಗಿ, ಬುಡ ಕಿತ್ತ ಮರಗಳನ್ನು ಹೊತ್ತು ಸರಿಯುತ್ತಿತ್ತು. ದೂರದಿಂದ ನಿಧಾನವಾಗಿ ಹರಿದಂತೆ ಕಾಣುತ್ತಿತ್ತು. ಒಂದು ಮರದ ಮೇಲೆ ಕಣ್ಣಿಟ್ಟು ನೋಡಿದರೆ ಮಾತ್ರ ಅದು ಓಡುವ ಕುದುರೆಯ ವೇಗವೆಂದು ತಿಳಿಯುತ್ತಿತ್ತು. ನಡುವೆ ಗಡ್ಡೆಯ ಬೆನ್ನು. ಅದರ ಮೇಲೆ ತೆಳ್ಳಗೆ ಒಂದೆಳೆ ಹೊಗೆ.

"ಹೊಗಿ ಅದ," ಎಂದ ಅಮೋಗಸಿದ್ಧ. ಬಸ್ಸಿಳಿದ ಮೇಲೆ ಮೊದಲ ಸಲ ಅವನ ದನಿ ಸಡಿಲವಾಯಿತು. "ಅಪ್ಪ ಬೆಂಕಿ ಮಾಡ್ಯಾನ."

ಘಟ್ಟದ ಮೆಟ್ಟಿಲ ಮೇಲೆ ಅವನ ತಾಯಿ ಹಣಮವ್ವ ಕುಳಿತಿದ್ದಳು. ಕಣ್ಣು ಹೊಗೆಯ ಮೇಲೆ, ಕೈ ಮಾತ್ರ ತನ್ನ ಪಾಡಿಗೆ ತಕಲಿಯಲ್ಲಿ ಉಣ್ಣೆ ನೂಲುತ್ತಿತ್ತು. ಪಕ್ಕದಲ್ಲಿ ಹರಗೋಲಿನ ಅಂಬಿಗ ಗೊಲ್ಲಾಳಪ್ಪ. ಎರಡು ಸಲ ಹರಗೋಲು ಹಾಕಿ, ಎರಡು ಸಲವೂ ಒಂದು ಹರದಾರಿ ಕೆಳಗೆ ತೇಲಿಹೋಗಿ ನಡೆದು ಬಂದಿದ್ದ.

ಗೊಲ್ಲಾಳಪ್ಪ ಮೆಟ್ಟಿಲ ಬದಿಯ ಕಲ್ಲುನಂದಿಯನ್ನು ತೋರಿಸಿದ. "ನೋಡ್ರಿ ಮಿಸ್ತ್ರಿ, ನೀರು ನಂದಿ ಮೊಣಕಾಲಿಗೆ ಬಂದದ. ಮೂಗಿಗೆ ಮುಟ್ಟಿತಂದ್ರ ಗಡ್ಡಿ ಇಲ್ಲ. ನಮ್ಮ ಅಜ್ಜನ ಕಾಲದಿಂದ ಇದೇ ಲೆಕ್ಕ."

"ಯಾವಾಗ ಮುಟ್ಟತದ?"

"ಹಿಂಗೇ ಏರಿದ್ರ ನಾಳಿ ಮಧ್ಯಾನ."

ಕೆಲಸ ಆರಂಭವಾಯಿತು. ಅಮೋಗಸಿದ್ಧ ದೋಣಿಯಿಂದ ಕಣಕಿ ಎಳೆದು ಹಾಕಿದ. ಸಾಯಬಣ್ಣ ಬಾನೆಟ್ಟು ಬಿಚ್ಚಿ ಮಳೆಯಲ್ಲೇ ಒಂದು ಕಡೆ ಇಟ್ಟ. ಅದರ ಕಡೆ ಮತ್ತೆ ನೋಡಲಿಲ್ಲ. ಎಂಜಿನ್ನೆಂದರೆ ಆರು ಮಣಕ್ಕಿಂತ ಹೆಚ್ಚಿನ ಭಾರ. ಅದನ್ನೆತ್ತಲು ಊರಲ್ಲಿ ಯಂತ್ರವಿರಲಿಲ್ಲ. ಗೊಲ್ಲಾಳಪ್ಪ ತನ್ನ ಬಾವಿಯ ಗಡಗಡಿ ರಾಟೆ ಬಿಚ್ಚಿ ಬೇವಿನಮರದ ಕೊಂಬೆಗೆ ಕಟ್ಟಿದ. ಕಪಿಲೆ ಎಳೆಯುವ ಎರಡೆತ್ತು ಬಂದವು. ಎತ್ತುಗಳಿಗೆ ನೀರೇನು, ಕಬ್ಬಿಣವೇನು, ಇಳಿಜಾರಿನಲ್ಲಿ ನಡೆದವು. ಎಂಜಿನ್ ನೀರು ತುಂಬಿದ ಕಪಿಲೆಯ ತೊಗಲಚೀಲದಂತೆ ಮೇಲೆದ್ದು, ತೂಗಿ, ದೋಣಿಯೊಳಗೆ ಕುಳಿತಿತು.

ರೇಡಿಯೇಟರಿಗೆ ಅಲ್ಲಿ ಜಾಗವಿರಲಿಲ್ಲ. ಎಂಜಿನ್ ತಂಪಾಗಿಡಲು ಹೊಳೆಯ ನೀರನ್ನೇ ಕೊಳವೆಯಿಂದ ಎಳೆಯಬೇಕು. ಆದರೆ ಆ ನೀರಿನಲ್ಲಿ ಅರ್ಧ ಮಣ್ಣು.

"ನೀರು ಸೋಸಾಕ ಏನಾರ ಬೇಕು. ಅರಿವಿ ನಡಿಯಂಗಿಲ್ಲ, ತಟಕ್ಕನ ಕಟ್ಟತದ."

ಅಮೋಗಸಿದ್ಧ ಹೊಸ ಕಂಬಳಿಯೊಂದನ್ನು ಚಾಕುವಿನಿಂದ ಕೊಯ್ದ. ಕಂಬಳಿಯ ಒರಟು ನೇಯ್ಗೆ ನೀರನ್ನು ಬಿಟ್ಟು ಮಣ್ಣನ್ನು ಹಿಡಿಯಿತು. ಸಾಯಬಣ್ಣ ಕೊಳವೆಯ ಬಾಯಿಗೆ ಅದನ್ನು ಎರಡು ಪದರ ಕಟ್ಟಿದ.

ಸಂಜೆಗೆ ದೋಣಿಯನ್ನು ಘಟ್ಟದ ಹಿನ್ನೀರಿಗಿಳಿಸಿ ಎಂಜಿನ್ ಹಚ್ಚಿದರು. ಎಂಟು ಸಿಲಿಂಡರುಗಳು ಒಂದೇ ದನಿಯಲ್ಲಿ ಗುಡುಗಿದವು. ಸಾಯಬಣ್ಣ ಗೇರು ಹಾಕಿದ. ದೋಣಿ ರಭಸದಿಂದ ಹಿಂದಕ್ಕೆ ಬಂದು ಮೆಟ್ಟಿಲಿಗೆ ಬಡಿಯಿತು.

"ಮಿಸ್ತ್ರಿ, ನಿಮ್ಮ ಲಾರಿಗೆ ಮನಿ ನೆನಪಾಗ್ಯದ," ಎಂದ ಗೊಲ್ಲಾಳಪ್ಪ. "ಅಕ್ಕಲಕೋಟಕ್ಕ ಹೊಂಟದ."

ಹಳೆಯ ಎಂಜಿನ್ ತಿರುಗುತ್ತಿದ್ದ ದಿಕ್ಕು ಬೇರೆ, ಲಾರಿ ಎಂಜಿನ್ ತಿರುಗುವ ದಿಕ್ಕು ಬೇರೆ. ನೀರಿನಡಿ ತಿರುಗಿ ದೋಣಿಯನ್ನು ನೂಕುವ ಪಂಖ ಹಳೆಯ ದಿಕ್ಕಿಗೆ ಮಾಡಿದ್ದು. ರಿವರ್ಸ್ ಗೇರಿನಲ್ಲಿ ಹಾಕಿದರೆ ದೋಣಿ ಮುಂದೆ ಹೋಗುತ್ತಿತ್ತು, ಆದರೆ ಎಮ್ಮೆಯ ನಡಿಗೆ. ಆ ವೇಗದಲ್ಲಿ ತುಂಬಿ ಬಂದ ಹೊಳೆಯ ಪೂರದ ಎದುರು ನಿಲ್ಲುವುದೂ ಆಗದು.

ಸಾಯಬಣ್ಣ ಕೆಳಗಿನ ಮೆಟ್ಟಿಲ ಮೇಲೆ ಕುಳಿತ. ಮೇಲಿನ ಮೆಟ್ಟಿಲಲ್ಲಿ ಹಣಮವ್ವನ ತಕಲಿ ಅವನ ತಲೆಯ ಹತ್ತಿರವೇ ತಿರುಗುತ್ತಿತ್ತು. ಆತ ಕೆಳಗಿನಿಂದ ಅದನ್ನು ನೋಡಿದ. ಎದ್ದು ನಿಂತು ಮೇಲಿನಿಂದ ನೋಡಿದ. ಮತ್ತೆ ಕುಳಿತ.

"ಏನ್ ನೋಡ್ತೀ ಯಪ್ಪಾ?" ಎಂದಳು ಮುದುಕಿ.

"ಯವ್ವಾ, ನಿನ್ನ ತಕಲಿ ಮ್ಯಾಲಿಂದ ನೋಡಿದ್ರ ಬಲಕ್ಕ ತಿರಗತದ. ಕೆಳಗಿಂದ ನೋಡಿದ್ರ ಎಡಕ್ಕ."

"ತಿರಗಲಿ ಬಿಡು. ನೂಲು ಬಂದ್ರಾತು."

"ಬರೋಬರ್ ಹೇಳಿದಿ." ಸಾಯಬಣ್ಣ ಎದ್ದ. "ಗೊಲ್ಲಾಳಪ್ಪಾ, ಎತ್ತು ಹೊಡಕೊಂಡು ಬಾ. ಎಂಜಿನ್ ತಿರುವಿ ಕೂಡಸೋಣು. ಮಾರಿ ಹಿಂದ, ಬೆನ್ನ ಮುಂದ."

ಅದು ಸರಿಯಾದ ಉಪಾಯ, ತಿರುವಿಟ್ಟರೆ ಪಂಖದ ಕಡೆಯಿಂದ ಎಂಜಿನ್ ಉಲ್ಟಾ ತಿರುಗುತ್ತದೆ. ಆದರೆ ಎಂಜಿನ್ನಿನ ಮುಂಭಾಗದಿಂದ ಪಂಖಕ್ಕೆ ನೇರ ಜೋಡಿಸಿದರೆ ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಎಂಜಿನ್ ಹತ್ತಿತೆಂದರೆ ದೋಣಿ ಓಡಲೇಬೇಕು. ನಿಲ್ಲಿಸಲು ಎಂಜಿನ್ನನ್ನೇ ಆರಿಸಬೇಕು. ಕೈಯಿಂದ ತಿರುವುವ ಹ್ಯಾಂಡಲ್ಲಿಗೂ ಜಾಗ ಉಳಿಯದು. ಮತ್ತೆ ಹಚ್ಚಲು ಬ್ಯಾಟರಿಯೊಂದೇ ಆಸರೆ. ಸಾಯಬಣ್ಣ ಇದನ್ನೆಲ್ಲ ಇಬ್ಬರಿಗೂ ಬಿಡಿಸಿ ಹೇಳಿದ.

"ಹಿಂದಕ್ಕ ಸರಿಯೋದು?" ಎಂದ ಅಮೋಗಸಿದ್ಧ.

"ಇಲ್ಲ."

"ನಡೀರಿ ಹಂಗಂದ್ರ. ಹಿಂದಕ್ಕ ಸರಿಯೋ ಕೆಲಸ ನಮಗೂ ಇಲ್ಲ."

ಮರುದಿನ ಬೆಳಗಿಗೆ ಜೋಡಣೆ ಮುಗಿಯಿತು. ನೀರು ನಂದಿಯ ಎದೆಗೆ ಬಂದಿತ್ತು. ಗಡ್ಡೆಯ ಮೇಲೆ ಹೊಗೆ ಕಾಣಲಿಲ್ಲ.

ಸಾಯಬಣ್ಣ ಟಾಕಿಗೆ ಪೆಟ್ರೋಲ್ ಸುರಿದು ಬ್ಯಾಟರಿ ನೋಡಲು ಆಚೆ ತಿರುಗಿದ. ಹಣಮವ್ವ ಸೊಂಟದ ಚೀಲದಿಂದ ಭಂಡಾರ, ದೇವರ ಅರಿಶಿನ, ತೆಗೆದು ಮೂವರ ಹಣೆಗೂ ಹಚ್ಚಿದಳು. ಎಂಜಿನ್ನಿಗೂ ಹಚ್ಚಿದಳು. "ಬೀರೋಬಾ, ನಿನ್ನ ಕುರಿ, ನಿನ್ನ ಹೊಳಿ, ನಡುವ ನನ್ನ ಮಕ್ಕಳು" ಎಂದು ಕೈಮುಗಿದು, ಟಾಕಿಯ ಮುಚ್ಚಳವನ್ನು ತಾನೇ ತಿರುವಿ ಭದ್ರ ಮಾಡಿದಳು.

ಗೊಲ್ಲಾಳಪ್ಪ ಚುಕ್ಕಾಣಿ ಹಿಡಿದ. ಅಮೋಗಸಿದ್ಧ ಉದ್ದನೆಯ ಗಳ ಹಿಡಿದು ಮುಂದೆ ನಿಂತ. ಸಾಯಬಣ್ಣ ಗುಂಡಿ ಒತ್ತಿದ.

ದೋಣಿ ಜಿಗಿಯಿತು.

ಹಿನ್ನೀರು ದಾಟಿ ಪೂರಕ್ಕೆ ತಲೆ ಕೊಟ್ಟಾಗ ಇಡೀ ಹೊಳೆ ಹಲಗೆಗೆ ಒದೆಯಿತು. ವಿ-ಏಟ್ ಜಗ್ಗಲಿಲ್ಲ. ಅದರ ಗುಡುಗು ಬಲವಾಯಿತು, ದೋಣಿ ಮೊಳ ಮೊಳವಾಗಿ ಮೇಲಕ್ಕೇರಿತು. ಬರಿಯ ಗಳ ಹುಗಿದು ಜೀವನ ಸವೆಸಿದ ಗೊಲ್ಲಾಳಪ್ಪ ದಂಡೆಯ ಗಿಡಗಳು ಹಿಂದಕ್ಕೆ ಸರಿಯುವುದನ್ನು ನೋಡಿ ನಕ್ಕ.

"ಮ್ಯಾಲೆ ಹೊಂಟೀವಿ ಮಿಸ್ತ್ರಿ. ಪೂರದಾಗ ಮ್ಯಾಲೆ ಹೊಂಟೀವಿ."

"ಮುಂದ ನೋಡು. ಮರ ಬರಾಕತ್ತದ."

ಗೊಲ್ಲಾಳಪ್ಪ ಚುಕ್ಕಾಣಿ ತಿರುವಿದ. ಬೇರುಸಹಿತ ಒಂದು ಮತ್ತಿಮರ ಎರಡು ಮೊಳ ದೂರದಲ್ಲಿ ಉರುಳುತ್ತ ಹೋಯಿತು. ಗಡ್ಡೆ ಇನ್ನು ನೂರು ಮಾರು.

ಆಗ ಎಂಜಿನ್ ಕೆಮ್ಮಿತು.

ಒಮ್ಮೆ. ಮತ್ತೊಮ್ಮೆ. ಆಮೇಲೆ ನಿಂತೇ ಹೋಯಿತು.

ಹೊಳೆಯ ಸದ್ದು ಒಮ್ಮೆಲೇ ಕಿವಿ ತುಂಬಿತು. ದೋಣಿ ಅಡ್ಡ ತಿರುಗಿ ಹಿಂದಕ್ಕೆ ಓಡತೊಡಗಿತು.

"ಜಾಲಿ!" ಎಂದು ಕೂಗಿದ ಗೊಲ್ಲಾಳಪ್ಪ.

ಮುಳುಗಿದ ಜಾಲಿಮರದ ತುದಿಗಳು ಎದುರಿಗೆ ನೀರಿನಿಂದ ಮೇಲೆದ್ದಿದ್ದವು. ಅಮೋಗಸಿದ್ಧ ಹಗ್ಗದ ಕುಣಿಕೆ ಬೀಸಿದ. ತಪ್ಪಿತು. ಓಡುವ ಟಗರಿನ ಕೊಂಬಿಗೆ ಕುಣಿಕೆ ಹಾಕಿದ ಕೈ ಅದು. ಎರಡನೆಯ ಬೀಸಿಗೆ ಕುಣಿಕೆ ಟೊಂಗೆಗೆ ಬಿತ್ತು. ಹಗ್ಗ ಬಿಗಿದು ನೀರು ಚಿಮ್ಮಿತು. ದೋಣಿ ನಿಂತಿತು. ಮರ ಬಾಗಿತು.

"ಈ ಮರ ಭಾಳ ಹೊತ್ತು ತಡಿಯಂಗಿಲ್ರಿ," ಎಂದ ಅಮೋಗಸಿದ್ಧ.

ಸಾಯಬಣ್ಣ ಆಗಲೇ ಪೆಟ್ರೋಲ್ ಕೊಳವೆಯ ನಡುವಿನ ಗಾಜಿನ ಬಟ್ಟಲು ಬಿಚ್ಚುತ್ತಿದ್ದ. ಪೆಟ್ರೋಲಿನ ಕಸ ಅದರಲ್ಲಿ ತಂಗುತ್ತದೆ. ಬಟ್ಟಲನ್ನು ಮೇಲೆತ್ತಿ ಹಿಡಿದ. ತಳದಲ್ಲಿ ಹಳದಿ ಹಿಟ್ಟು, ಮೇಲಿನ ಜಾಳಿಗೆಯ ತುಂಬ ಹಳದಿ ಗೋಂದು.

ಮೂವರೂ ನೋಡಿದರು. ಅಮೋಗಸಿದ್ಧನ ಮುಖ ಇಳಿಯಿತು.

"ಭಂಡಾರ. ನಮ್ಮವ್ವ ಟಾಕ್ಯಾಗ ಹಾಕ್ಯಾಳ್ರಿ. ಕುರಿಗೆ ಜಡ್ಡಾದ್ರ ಹಿಂಗೇ ಕುಡಸ್ತಾಳ. ಹೊಟ್ಟ್ಯಾಗ ಹೋದ್ರ ಬಲ ಬರ್ತದಂತ."

"ಕುರಿಗೆ ಬರ್ತದ," ಎಂದ ಸಾಯಬಣ್ಣ. "ನಿನ್ನ ತಲಿ ರುಂಬಾಲ ಬಿಚ್ಚು."

ರುಂಬಾಲನ್ನು ನಾಲ್ಕು ಪದರ ಮಡಚಿ, ಟಾಕಿಯ ಪೆಟ್ರೋಲನ್ನೆಲ್ಲ ಖಾಲಿ ಡಬ್ಬಿಗೆ ಸೋಸಿದರು. ಸಾಯಬಣ್ಣ ಜಾಳಿಗೆಯನ್ನು ತೊಳೆದ. ಕೊಳವೆಗೆ ಬಾಯಿ ಹಚ್ಚಿ ಊದಿದ. ಪೆಟ್ರೋಲಿನ ಕಹಿಯ ಜೊತೆ ಅರಿಶಿನದ ರುಚಿ ನಾಲಿಗೆಗೆ ಬಂತು. ಕಲ್ಯಾಣಮ್ಮನ ಅಡುಗೆಮನೆಯ ರುಚಿ ಅದು. ಒಂದು ಗಳಿಗೆ ಕೈ ನಿಂತಿತು. ಮತ್ತೆ ಊದಿದ.

ಮರ ಲಟಕ್ಕೆಂದಿತು.

"ಮಿಸ್ತ್ರಿ."

"ಕೇಳ್ತು."

ಬಟ್ಟಲು ಕೂಡಿಸಿ, ಸೋಸಿದ ಪೆಟ್ರೋಲನ್ನು ಟಾಕಿಗೆ ಸುರಿದು, ಗುಂಡಿ ಒತ್ತಿದ. ಎಂಜಿನ್ ತಿರುಗಿತು, ಹತ್ತಲಿಲ್ಲ. ಮತ್ತೆ ಒತ್ತಿದ. ತಿರುಗುವ ದನಿ ಕುಗ್ಗಿತು. ಬ್ಯಾಟರಿ ಇಳಿಯುತ್ತಿತ್ತು. ಸಾಯಬಣ್ಣ ಕೈ ತೆಗೆದ. ಅವಸರ ಮಾಡಿದರೆ ಇದ್ದದ್ದೂ ಹೋಗುತ್ತದೆ. ಪೆಟ್ರೋಲ್ ಕೊಳವೆಯಲ್ಲಿ ಇಳಿಯಲಿ ಎಂದು ಹತ್ತು ಸಲ 'ಓಂ ನಮಃ ಶಿವಾಯ' ಎಂದ, ಒಂದನ್ನೂ ನುಂಗದೆ. ಹತ್ತನೆಯದು ಮುಗಿದಾಗ ಒತ್ತಿದ.

ವಿ-ಏಟ್ ಗುಡುಗಿತು. ಅಮೋಗಸಿದ್ಧ ಹಗ್ಗ ಕೊಯ್ದ. ದೋಣಿ ಮುಂದೆ ಹಾರಿದ ಮರುಗಳಿಗೆಗೆ ಜಾಲಿಮರ ನೀರಿನೊಳಗೆ ಮಗುಚಿಕೊಂಡಿತು.

"ಇನ್ನ ಇದನ್ನ ಆರಸಂಗಿಲ್ಲ," ಎಂದ ಸಾಯಬಣ್ಣ. "ಆರಿಸಿದ್ರ ಹತ್ತಂಗಿಲ್ಲ."

"ಹಂಗಾದ್ರ ನಿಲ್ಲೋದು ಹೆಂಗ?" ಎಂದ ಗೊಲ್ಲಾಳಪ್ಪ.

"ಟಗರು ಹೆಂಗ ನಿಲ್ಲತದ, ಹಂಗ. ಗಡ್ಡಿಗೆ ತಲಿ ಕೊಟ್ಟು."

ಗೊಲ್ಲಾಳಪ್ಪನಿಗೆ ಅರ್ಥವಾಯಿತು. ಗಡ್ಡೆಯ ಇಳಿಜಾರಿನ ಮೆತ್ತನೆಯ ಮಣ್ಣು ಆರಿಸಿ ದೋಣಿಯ ಮೂತಿಯನ್ನು ಅದಕ್ಕೆ ಊರಿದ. ಸಾಯಬಣ್ಣ ಎಂಜಿನ್ ಸಣ್ಣಗೆ ಮಾಡಿದ. ಹಿಂದಿನಿಂದ ಪಂಖ ನೂಕುತ್ತಲೇ ಇತ್ತು, ಮುಂದಿನಿಂದ ನೆಲ ತಡೆಯಿತು. ದೋಣಿ ನಡುಗುತ್ತ ನಿಂತಿತು.

ಗಡ್ಡೆಯಲ್ಲಿ ಉಳಿದದ್ದು ಒಂದು ಕಣದಷ್ಟು ನೆಲ. ತೊಂಬತ್ತು ಕುರಿ ಒತ್ತಾಗಿ ನಿಂತಿದ್ದವು. ನಡುವೆ ಸಕ್ಕುಬಾಯಿ ಕಂಬಳಿ ಕೊಪ್ಪೆಯೊಳಗೆ ಕೂಸನ್ನು ಅವಚಿಕೊಂಡಿದ್ದಳು. ಮುದುಕ ಧೂಳಪ್ಪ ಗಂಟೆ ಕಟ್ಟಿದ ಟಗರಿನ ಕೊಂಬು ಹಿಡಿದು ಕುಳಿತಿದ್ದ.

"ಹೊಗಿ ಯಾಕ ಕೆಡಿಸಿದ್ಯೋ ಯಪ್ಪಾ?" ಎಂದ ಅಮೋಗಸಿದ್ಧ.

"ಒಲಿ ಹೊಳ್ಯಾಗ ಹೋತು," ಎಂದ ಧೂಳಪ್ಪ. "ಕಂಬಳಿ ಮಾರಿ ಬಂದಿ ಏನು?"

ಮೊದಲು ಸಕ್ಕುಬಾಯಿ ಮತ್ತು ಕೂಸು ಹತ್ತಿದರು. ಅವಳು ಗಂಡನ ಬರಿತಲೆ ನೋಡಿ, "ರುಂಬಾಲ ಎಲ್ಲಿ ಕಳಕೊಂಡಿ?" ಎಂದಳು. ಅವನ ತೋಳನ್ನು ಮಾತ್ರ ಬಿಡಲಿಲ್ಲ.

"ಆ ಟಗರು ಮೊದಲ ಹತ್ತಸ್ರಿ," ಎಂದ ಸಾಯಬಣ್ಣ. "ಉಳದವು ತಾವಾ ಬರ್ತಾವ."

"ಹತ್ತಿದ್ರ ತೊಂಬತ್ತೂ ಒಮ್ಮಿಗೇ ಜಿಗಿತಾವ್ರಿ ಮಿಸ್ತ್ರಿ. ನಿಮ್ಮ ದೋಣಿ ಅಲ್ಲೇ ಕುಂಡರತದ. ಇದು ನನ್ನ ಸಂಗಾಟ ಕಡೀಕ. ನೀವು ಕಾಲು ಹಿಡದು ಒಗೀರಿ," ಎಂದ ಧೂಳಪ್ಪ.

ಮೂವತ್ತು ಕುರಿ ಕೈಯಿಂದ ಕೈಗೆ ಹಾರಿದವು. ಅಮೋಗಸಿದ್ಧ ಗಳ ಹಾಕಿ ಮೂತಿಯನ್ನು ನೂಕಿದ, ಪೂರ ಮೂತಿಯನ್ನು ಹಿಡಿದು ತಿರುವಿತು, ಸಾಯಬಣ್ಣ ಎಂಜಿನ್ ಏರಿಸಿದ. ಘಟ್ಟದಲ್ಲಿ ಮತ್ತೆ ಅದೇ ರೀತಿ ಮೂತಿ ಊರಿ ಇಳಿಸಿದರು. ಹಣಮವ್ವ ಕೂಸನ್ನು ಸೆರಗಿಗೆ ತೆಗೆದುಕೊಂಡಳು. ನೀರು ನಂದಿಯ ಕೊರಳಿಗೆ ಬಂದಿತ್ತು.

ಎರಡನೆಯ ಸುತ್ತು. ಸೋಸುವ ಕಂಬಳಿ ಮಣ್ಣಿನಿಂದ ಕಟ್ಟಿಕೊಂಡು ಎಂಜಿನ್ ಬಿಸಿಯಾಯಿತು. ಅಮೋಗಸಿದ್ಧ ನೀರಿಗೆ ಕೈಬಿಟ್ಟು ಹಳೆಯ ತುಂಡು ಕಿತ್ತು ಹೊಸದು ಕಟ್ಟಿದ. ಮತ್ತೆ ಮೂವತ್ತು ದಂಡೆ ಸೇರಿದವು.

ಮೂರನೆಯ ಸುತ್ತಿಗೆ ಹೋದಾಗ ಗಡ್ಡೆ ಕಾಣಲಿಲ್ಲ. ನೀರಿನ ಮೇಲೆ ಮೂವತ್ತು ಕುರಿಗಳ ಬೆನ್ನು, ಅವುಗಳ ನಡುವೆ ಮೊಣಕಾಲವರೆಗೆ ಮುಳುಗಿದ ಒಬ್ಬ ಮುದುಕ. ಊರಲು ಮಣ್ಣು ಎಲ್ಲಿದೆಯೋ ಗೊತ್ತಿಲ್ಲ.

"ನನ್ನ ಕಡೆ ಬರ್ರಿ," ಎಂದು ಧೂಳಪ್ಪ ಕೂಗಿದ. "ನಾ ನಿಂತಲ್ಲಿ ನೆಲ ಅದ."

ಗೊಲ್ಲಾಳಪ್ಪ ನೇರ ಮುದುಕನ ಎದೆಗೇ ಗುರಿಯಿಟ್ಟ. ಧೂಳಪ್ಪ ಕದಲಲಿಲ್ಲ. ಒಂದು ಗೇಣು ಉಳಿದಾಗ ಮೂತಿ ನೆಲಕ್ಕೆ ಕಚ್ಚಿತು. ಈಗ ಮುದುಕ ಟಗರಿನ ಕೊಂಬು ಬಿಟ್ಟ. ಅದು ಗಂಟೆ ಝಣಗುಟ್ಟಿಸಿ ದೋಣಿಗೆ ಹಾರಿತು. ಹಿಂದೆಯೇ ಉಳಿದ ಕುರಿಗಳೆಲ್ಲ, ಯಾರೂ ಮುಟ್ಟದೆ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹಾರಿದವು. ಉಣ್ಣೆ ಕತ್ತರಿಸಿದ ಹಗುರ ಮೈಯಾದ್ದರಿಂದ ಅವಕ್ಕೆ ಅದು ಸಾಧ್ಯವಾಯಿತು. ಕೊನೆಗೆ ಅಮೋಗಸಿದ್ಧ ತಂದೆಯ ರಟ್ಟೆ ಹಿಡಿದು ಒಳಗೆಳೆದ.

ಘಟ್ಟ ಮುಟ್ಟಿದಾಗ ನಂದಿಯ ಮೂಗು ನೀರಿನಲ್ಲಿತ್ತು. ಸಾಯಬಣ್ಣ ಎಂಜಿನ್ ಆರಿಸಿದ. ಕಿವಿಯೊಳಗೆ ಅದು ಇನ್ನೂ ಗುಡುಗುತ್ತಲೇ ಇತ್ತು.

ಅಮೋಗಸಿದ್ಧ ತಾಯಿಯ ಮುಂದೆ ನಿಂತು, "ಯವ್ವಾ, ಟಾಕ್ಯಾಗ ಭಂಡಾರ ಹಾಕಿದ್ದಿ ಏನು?" ಎಂದ.

"ಹಾಕಿದ್ದೆ. ಅದಕ್ಕ ಅಲ್ಲೇನು ಅದು ಅಷ್ಟು ಜೋರ್ ಓಡಿದ್ದು?"

ಅಮೋಗಸಿದ್ಧ ಬಾಯಿ ತೆರೆದ. ಸಾಯಬಣ್ಣ ಅವನ ಹೆಗಲ ಮೇಲೆ ಕೈಯಿಟ್ಟ. "ಹೌದು ಯವ್ವಾ," ಎಂದ. "ಒಂದೀಟು ಹೆಚ್ಚಾಗಿತ್ತು, ಅಷ್ಟೇ."

ನಾಲ್ಕು ದಿನಕ್ಕೆ ಹೊಳೆ ಇಳಿಯಿತು. ಎತ್ತುಗಳು ಮತ್ತೆ ಬಂದು ಎಂಜಿನ್ನನ್ನು ಲಾರಿಗೆ ಎತ್ತಿಕೊಟ್ಟವು. ಸಾಯಬಣ್ಣ ಎಲ್ಲ ಬೋಲ್ಟು ಬಿಗಿದು ಕೊನೆಗೆ ಬಾನೆಟ್ಟು ಹಾಕಿದ. ನಾಲ್ಕು ದಿನದ ಮಳೆಗೆ ಅದು ತೊಳೆದ ತಟ್ಟೆಯಂತಾಗಿತ್ತು. ಗೆರೆಗಳಿದ್ದ ಜಾಗದಲ್ಲಿ ಅಂಗೈ ಆಡಿಸಿದ. ಏನೂ ಹತ್ತಲಿಲ್ಲ.

ಹಣಮವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿರ ಬಂದಳು. ಅವಳ ಕೈ ಸೊಂಟದ ಚೀಲದ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು. ಮಗ ಅಷ್ಟರಲ್ಲಿ ನಿಜ ಹೇಳಿದ್ದನೆಂದು ತೋರುತ್ತದೆ.

"ಹಚ್ಚಲ್ಯಾ ಯಪ್ಪಾ? ಹೊರಗಷ್ಟ."

ಸಾಯಬಣ್ಣ ಮೊದಲು ಟಾಕಿಯ ಮುಚ್ಚಳ ಮುಟ್ಟಿ ನೋಡಿದ. ಬಿಗಿಯಾಗಿತ್ತು.

"ಹಚ್ಚವ್ವಾ," ಎಂದ. "ಮೂರು ಬಟ್ಟು ಎಳಿ."

ಮುದುಕಿ ಮೂರು ಬೆರಳಿನಿಂದ ಹಳದಿ ಗೆರೆ ಎಳೆದಳು. ಮೋಡ ಇನ್ನೂ ಕಟ್ಟಿಕೊಂಡೇ ಇತ್ತು. ಸಾಯಬಣ್ಣ ಅದನ್ನು ನೋಡಿಯೂ ಲಾರಿ ಹೊರಡಿಸಿದ. ದಿಬ್ಬ ಏರುವಾಗ ಹನಿ ಬಿದ್ದವು. ಆತ ಗಾಡಿ ನಿಲ್ಲಿಸಲಿಲ್ಲ.